ಮೂಲೆ ಹೊಲಿಯದ ಕೌದಿ

ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗದವರಿಗೆ ಆಕಾಶದ ಬಗ್ಗೆ ಏನೂ ಗೊತ್ತಿರುವುದಿಲ್ಲ ಎಂಬುದು ನನ್ನ ಹಟಮಾರಿ ಅಭಿಪ್ರಾಯ. ಫ್ಯಾನಿನ ಕೆಳಗೆ ಮಲಗಿ ಬೆಳೆದ ನನ್ನ ಮೊಮ್ಮಕ್ಕಳಿಗೆ ಇದನ್ನು ಹೇಳಿದರೆ ನಗುತ್ತಾರೆ. ನಗಲಿ. ಅವರು ನೋಡಿರುವ ಆಕಾಶ ಕಿಟಕಿಯಷ್ಟು ಅಗಲದ್ದು.

ಆಗ ನಮ್ಮೂರಿಗೆ ಬಸವಕಲ್ಯಾಣ ಎಂಬ ಹೆಸರು ಬಂದಿರಲಿಲ್ಲ. ಎಲ್ಲರೂ ಕಲ್ಯಾಣಿ ಅನ್ನುತ್ತಿದ್ದರು. ಮನೆಗಳೆಲ್ಲ ಒಂದಕ್ಕೊಂದು ಬೆನ್ನು ಕೊಟ್ಟು ಕುಳಿತಿದ್ದವು. ಮಣ್ಣಿನ ಮಾಳಿಗೆಗಳ ನಡುವೆ ಮೊಣಕಾಲೆತ್ತರದ ಕುಂಬಿ ಗೋಡೆ ಮಾತ್ರ ಗಡಿ. ಯುಗಾದಿ ಕಳೆದದ್ದೇ ತಡ, ಮನೆಯೊಳಗೆ ಉಸಿರಾಡಲು ಆಗುತ್ತಿರಲಿಲ್ಲ. ಹೊತ್ತು ಮುಳುಗುವಾಗ ನಾನು ಕೊಡದಲ್ಲಿ ನೀರು ಹೊತ್ತುಕೊಟ್ಟರೆ ಅಜ್ಜಿ ಮಾಳಿಗೆಗೆ ಚಿಮುಕಿಸುತ್ತಿದ್ದಳು. ದಿನವಿಡೀ ಕಾದ ಮಣ್ಣು ಸುಂಯ್ ಎನ್ನುತ್ತಿತ್ತು. ಆ ವಾಸನೆಗೆ ಮಣ್ಣು ತಿನ್ನಬೇಕು ಅನ್ನಿಸುತ್ತಿತ್ತು. ನಾನು ಒಂದೆರಡು ಸಲ ತಿಂದದ್ದೂ ಉಂಟು. ಅಜ್ಜಿ ರಾತ್ರಿ ಊಟ ಬಿಟ್ಟವಳು. ನೀರು ಚಿಮುಕಿಸಿದ ಮೇಲೆ, “ನೀ ಕೆಳಗ ಹೋಗಿ ಉಂಡು ಬಾ, ನಾ ಹಾಸಿಗಿ ಹಾಸಿರ್ತೀನಿ” ಎಂದು ನನ್ನನ್ನು ಕಳಿಸಿಬಿಡುತ್ತಿದ್ದಳು. ನಾನು, ಅವ್ವ, ಅಪ್ಪ ಉಂಡು ಮೇಲೆ ಬರುವ ಹೊತ್ತಿಗೆ ಹಾಸಿಗೆ ತಣ್ಣಗಾಗಿರುತ್ತಿದ್ದವು, ಚುಕ್ಕಿ ಮೂಡಿರುತ್ತಿದ್ದವು.

ಚುಕ್ಕಿ ಎಣಿಸಬಾರದು, ಎಣಿಸಿದರೆ ಮೈಮೇಲೆ ನರಹುಲಿ ಏಳುತ್ತವೆ ಎಂದು ಅಜ್ಜಿ ಹೆದರಿಸುತ್ತಿದ್ದಳು. ಹಾಗಾಗಿ ಎಣಿಸುವ ಬದಲು ಕತೆ ಕೇಳುತ್ತಿದ್ದೆ. ಬಡಗಣ ಆಕಾಶದ ನೆತ್ತಿಯಲ್ಲಿ, ಪಂಚಾಂಗದವರು ಸಪ್ತರ್ಷಿ ಎಂದು ಕರೆಯುವ ಚುಕ್ಕಿಗಳಿಗೆ ನಮ್ಮ ಅಜ್ಜಿಯ ಬಾಯಲ್ಲಿ ‘ಮುದುಕಿ ಹೊರಸು’ ಎಂದು ಹೆಸರು. ನಾಲ್ಕು ಚುಕ್ಕಿ ಹಗ್ಗದ ಮಂಚದ ನಾಲ್ಕು ಕಾಲು. ಹಿಂದೆ ಬಾಲದಂತೆ ಇರುವ ಮೂರು ಚುಕ್ಕಿ ಮೂವರು ಕಳ್ಳರು.

“ಮುದುಕಿಗಿ ಆ ಹೊರಸು ಬಿಟ್ರ ಮತ್ತೇನೂ ಇಲ್ಲ. ಆಕಿ ಮಲಗೋದ ಕಾಯಾಕತ್ತಾರ ಕಳ್ಳರು. ಎತ್ತಬೇಕು ಅನ್ನೋದರಾಗ ಮುದುಕಿ ಕೆಮ್ಮತಾಳ. ಅವರು ಅಲ್ಲೇ ನಿಂತ ಬಿಡ್ತಾರ.”

“ಮುದುಕಿ ಎಲ್ಲಿ ಅದಾಳ? ಕಾಣಂಗಿಲ್ಲಲ್ಲ?”

“ಕೌದಿ ಹೊತ್ತ ಮಲಗ್ಯಾಳ. ಮುಸುಕು ಹಾಕ್ಕೊಂಡವರು ಹ್ಯಾಂಗ ಕಾಣ್ತಾರ?”

ಈ ಮಾತು ಕೇಳಿದಾಗಲೆಲ್ಲ ಆಕಾಶದ ಕಪ್ಪಿನಲ್ಲಿ ಮುಸುಕು ಹಾಕಿಕೊಂಡು ಯಾರೋ ಎಚ್ಚರವಾಗಿದ್ದಾರೆ, ನಮ್ಮನ್ನು ನೋಡುತ್ತಿದ್ದಾರೆ ಎಂದು ಅನ್ನಿಸಿ ಅವ್ವನ ಸೆರಗು ಹಿಡಿದು ಮಲಗುತ್ತಿದ್ದೆ.

ಕುಂಬಿಯ ಆಚೆ ಮನೆ ಖಾಲಾಳದು. ರಕ್ತಸಂಬಂಧವಲ್ಲ, ಆದರೆ ಓಣಿಯ ಮಕ್ಕಳಿಗೆಲ್ಲ ಅವಳು ಖಾಲಾ, ಅಂದರೆ ಚಿಕ್ಕವ್ವ. ಮಕ್ಕಳಿರಲಿಲ್ಲ. ಅವಳ ಗಂಡ ಹಳ್ಳಿಹಳ್ಳಿ ತಿರುಗಿ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುವವನು. ಕಲಾಯಿಯ ಹೊಗೆ ಕುಡಿದು ಕುಡಿದು ಅವನಿಗೊಂದು ಕೆಮ್ಮು ಅಂಟಿಕೊಂಡಿತ್ತು. ಮೊದಲು ಸಣ್ಣಗೆ, ಆಮೇಲೆ ಗಡುಸಾಗಿ, ಕೊನೆಗೆ ಗಂಟಲು ಕೆರೆದ ಹಾಗೆ. ಅವನು ಓಣಿಯ ತಿರುವಿನಲ್ಲಿರುವಾಗಲೇ ಅದನ್ನು ಕೇಳಿ ಖಾಲಾ ಒಲೆಯ ಮೇಲೆ ಹಂಚು ಇಡುತ್ತಿದ್ದಳು. ನಮ್ಮ ಅಜ್ಜಿ ಆ ಕೆಮ್ಮನ್ನು ಹಾಗೇ ಅಣಕಿಸುತ್ತಿದ್ದಳು. ಕುಂಬಿಯ ಈಚೆಯಿಂದ ಅಜ್ಜಿ ಕೆಮ್ಮಿದರೆ ಆಚೆಯಿಂದ ಅವನು, “ಆಯೀ, ಹುಬೇಹೂಬ್! ನನ್ನ ಹೇಣ್ತಿನೂ ಮೋಸ ಹೋಗ್ತಾಳ್ರಿ” ಎಂದು ನಗುತ್ತಿದ್ದ.

ನಲವತ್ತೆಂಟರ ಬೇಸಿಗೆಯಲ್ಲಿ ಅಜ್ಜಿ ಮತ್ತು ಖಾಲಾ ಕುಂಬಿಯ ಆ ಕಡೆ ಈ ಕಡೆ ಕುಳಿತು ಒಂದೇ ಕೌದಿ ಹೊಲಿಯತೊಡಗಿದರು. ಅರಿವೆಯೆಲ್ಲ ಅವಳ ಗಂಡನದು. ಹಳೆಯ ಪಟ್ಟೆ ಪಟ್ಟೆ ಅಂಗಿ, ಲುಂಗಿ, ಒಂದು ಹಸಿರು ರುಮಾಲು. ಕಿಡಿ ಸಿಡಿದು ಅಂಗಿಗಳ ತುಂಬ ಸಣ್ಣ ಸಣ್ಣ ತೂತು. ನಾನು ಒಂದು ಅಂಗಿ ಮುಖಕ್ಕೆ ಮುಚ್ಚಿಕೊಂಡು ನಡುಮನೆಯ ಚಿಮಣಿ ದೀಪದ ಕಡೆ ತಿರುಗಿದರೆ ಅಂಗಿಯೊಳಗೇ ಚುಕ್ಕಿ ಮೂಡುತ್ತಿದ್ದವು. ಹೊಗೆಯ ಘಾಟು ಎಷ್ಟು ತೊಳೆದರೂ ಹೋಗಿರಲಿಲ್ಲ.

ಕೌದಿಯ ವಿಷಯದಲ್ಲಿ ನಮ್ಮ ಕಡೆ ಒಂದು ಪದ್ಧತಿ ಉಂಟು. ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಬಿಡಬಾರದು. ಸುತ್ತಲೂ ಹೊಲಿದು ಕೊನೆಯ ಮೂಲೆ ಉಳಿದಾಗ, ಹೊದೆಯುವವರ ಕೈಯಿಂದ ಒಂದು ಚೂರು ರೊಟ್ಟಿ ಅದರೊಳಗೆ ಇಡಿಸಿ ಮೂಲೆ ಮುಚ್ಚಬೇಕು. ಹಾಗೆ ಮಾಡದಿದ್ದರೆ ಕೌದಿ ಹೊದ್ದವರನ್ನೇ ತಿನ್ನುತ್ತದೆ ಎಂದು ಅಜ್ಜಿ ಹೇಳುತ್ತಿದ್ದಳು. ಯಾವುದನ್ನೂ ಹೆದರಿಸದೆ ಹೇಳುವ ಅಭ್ಯಾಸ ಅವಳಿಗಿರಲಿಲ್ಲ.

ಆ ಬೇಸಿಗೆಯಲ್ಲಿ ನಿಜವಾಗಿ ಹೆದರಿದ್ದವರು ನಾವು. ನವಾಬನ ಪರವಾಗಿ ಬಂದೂಕು ಹಿಡಿದವರು ಊರೂರು ತಿರುಗುತ್ತಿದ್ದ ಕಾಲ. ಮಾಳಿಗೆಯ ಮೇಲೆ ದೀಪ ಹಚ್ಚಲೂ ಅಪ್ಪ ಅಂಜುತ್ತಿದ್ದ. ಒಂದು ಸಂಜೆ ಖಾಲಾಳ ಗಂಡ ಕುಂಬಿಯ ಮೇಲೆ ಕೈಯಿಟ್ಟು, “ಆಯೀ, ಯಾರರ ಬಾಗ್ಲಾ ಬಡದ್ರ ಕೇಳಬ್ಯಾಡ್ರಿ, ನೋಡಬ್ಯಾಡ್ರಿ. ಮಕ್ಕಳನ್ನ ಕರ್ಕೊಂಡು ಈ ಗ್ವಾಡಿ ದಾಟಿ ನಮ್ಮ ಕಡಿ ಬರ್ರಿ. ಮುಂದಿಂದು ನಾ ನೋಡ್ಕೋತೀನಿ” ಎಂದ. ದಾಟುವ ಪ್ರಸಂಗ ಬರಲಿಲ್ಲ. ಆದರೆ ಆ ಮಾತಿನ ಮೇಲೆ ನಾವು ಆ ಬೇಸಿಗೆಯೆಲ್ಲ ನಿದ್ದೆ ಮಾಡಿದೆವು.

ಭಾದ್ರಪದದಲ್ಲಿ ಫೌಜು ಬಂತು, ರಾಜ್ಯ ಬದಲಾಯಿತು. ಹೆದರಿಕೆ ಕುಂಬಿ ದಾಟಿ ಆಚೆ ಮನೆಗೆ ಹೋಯಿತು. ಅದಕ್ಕೆ ಸ್ವಲ್ಪ ಮೊದಲು ಖಾಲಾಳ ಗಂಡ ತಿದಿ, ಚೀಲ ಹೊತ್ತು ನಾರಾಯಣಪುರದ ಕಡೆ ಹೋಗಿದ್ದ. ಮರಳಿ ಬರಲಿಲ್ಲ. ಸತ್ತನೆಂದು ಹೇಳುವವರು ಇಲ್ಲ, ಇದ್ದಾನೆಂದು ಹೇಳುವವರೂ ಇಲ್ಲ. ಅಂಥ ಮನೆಗಳು ಆ ವರ್ಷ ನಮ್ಮ ಸುತ್ತಮುತ್ತ ಬಹಳ ಇದ್ದವು. ಅದನ್ನು ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ, ಯಾರ ಮೇಲೆ ಎಂದು ತಿಳಿಯುವುದಿಲ್ಲ.

ಹುಮನಾಬಾದಿನಿಂದ ಖಾಲಾಳ ಅಕ್ಕನ ಮನೆಯವರು ಬಂದು ಅವಳನ್ನು ಕರೆದೊಯ್ದರು. ಹೋಗುವಾಗ ಬಾಗಿಲಿಗೆ ಬೀಗ ಹಾಕಿ, ಆ ಕೌದಿಯನ್ನು ಅಜ್ಜಿಯ ಮಡಿಲಿಗೆ ಹಾಕಿದಳು. ಒಂದು ಮೂಲೆ ಇನ್ನೂ ತೆರೆದೇ ಇತ್ತು.

“ಮೂಲಿ ಹೊಲೀಬ್ಯಾಡ್ರಿ ಆಯೀ. ಅವ್ರು ಬಂದ ಮ್ಯಾಲ ಅವ್ರ ಕೈಲೇ ರೊಟ್ಟಿ ಇಡಸೋಣು.”

“ಹೊಲ್ಯಾಂಗಿಲ್ಲವ್ವಾ” ಎಂದಳು ಅಜ್ಜಿ. “ಮನಿ ಕಡಿ ಚಿಂತಿ ಮಾಡಬ್ಯಾಡ.”

ಚಿಂತೆ ಮಾಡುವ ಕಾರಣ ಬೇಕಾದಷ್ಟಿತ್ತು. ಖಾಲಿ ಮನೆ ಕಂಡರೆ ಒಳಗೆ ಹೊಕ್ಕು ನಮ್ಮದು ಅನ್ನುವವರು ಹುಟ್ಟಿಕೊಂಡಿದ್ದರು. ನಮ್ಮ ಓಣಿಯಲ್ಲೇ ಮೂವರು ಆ ಮನೆಯ ಮುಂದೆ ನಿಂತು ಬಾಗಿಲ ಚೌಕಟ್ಟನ್ನು ಗೇಣು ಹಾಕಿ ನೋಡುತ್ತಿದ್ದರು. ಮನೆಯಲ್ಲಿ ಯಾರೂ ಇಲ್ಲವೆಂದು ಖಾತ್ರಿಯಾದರೆ ಸಾಕು, ಖಾಲಾಳಿಗೆ ತಿರುಗಿ ಬರಲು ಸೂರೇ ಇರುವುದಿಲ್ಲ. ಅಜ್ಜಿ ಇದನ್ನು ಎತ್ತಿದಾಗ ಅಪ್ಪ ಹುಬ್ಬು ಗಂಟಿಕ್ಕಿ, “ಆ ಮನಿ ಉಸಾಬರಿ ನಮಗ ಬ್ಯಾಡವ್ವಾ. ಕಾಲ ಸರಿ ಇಲ್ಲ” ಎಂದ. ಅಜ್ಜಿ ಆಮೇಲೆ ಆ ಮಾತು ಎತ್ತಲೇ ಇಲ್ಲ. ಅವಳು ಸುಮ್ಮನಾದರೆ ಹೆದರಬೇಕು ಎಂದು ಅಪ್ಪನಿಗಾದರೂ ಗೊತ್ತಿರಬೇಕಿತ್ತು.

ಮರುವರ್ಷದ ಬೇಸಿಗೆ ಬಂತು. ಒಂದು ಸಂಜೆ ಉಂಡು ಮಾಳಿಗೆಗೆ ಬಂದರೆ, ಆಚೆ ಮನೆಯ ಮೆಟ್ಟಿಲ ಬಾಯಿಯ ಗೂಡಿನಲ್ಲಿ ದೀಪ ಉರಿಯುತ್ತಿತ್ತು.

ಅವ್ವ ಮೆಟ್ಟಿಲ ಮೇಲೇ ನಿಂತುಬಿಟ್ಟಳು. ಕೆಳಗೆ ಬಾಗಿಲಿಗೆ ಬೀಗ ಹಾಗೇ ಇತ್ತು, ಅಪ್ಪ ಹೋಗಿ ನೋಡಿ ಬಂದ. ಅಜ್ಜಿ ನಮ್ಮ ಹಾಸಿಗೆಯ ಮೇಲೆ ಬೀಸಣಿಗೆ ಬೀಸುತ್ತ ಕುಳಿತಿದ್ದಳು. “ಯಾರು ಹಚ್ಚಿದ್ರೋ ಏನೋ. ದೀಪ ಇದ್ದಲ್ಲಿ ಪೀಡಾ ಇರಂಗಿಲ್ಲ, ಮಲಗ್ರಿ” ಎಂದಳು. ದೀಪ ಎಣ್ಣೆ ತೀರಿ ತಾನಾಗಿ ಆರುವವರೆಗೆ ನಾವ್ಯಾರೂ ಕಣ್ಣು ಮುಚ್ಚಲಿಲ್ಲ.

ಆಮೇಲೆ ಹೊರಸು. ಖಾಲಾಳ ಗಂಡ ಮಲಗುತ್ತಿದ್ದ ಹಗ್ಗದ ಹೊರಸು ಮಾಳಿಗೆಯ ಮೂಲೆಯಲ್ಲಿ ಕಾಲು ಮೇಲಾಗಿ ಬಿದ್ದಿತ್ತು. ಅದು ಒಂದು ಸಂಜೆ ನೆಟ್ಟಗೆ ನಿಂತಿತ್ತು. ಇನ್ನೊಂದು ಸಂಜೆ ನಡುವಿಗೆ ಬಂದಿತ್ತು. ಮತ್ತೊಂದು ಸಂಜೆ ಓಣಿಯವರಿಗೆ ಕಾಣುವ ಅಂಚಿಗೆ ಸರಿದಿತ್ತು. ಮೇಲೆ ನೋಡಿದರೆ ಚುಕ್ಕಿಗಳ ಹೊರಸೂ ನಿನ್ನೆ ಇದ್ದ ಮಗ್ಗುಲಲ್ಲಿ ಇರುತ್ತಿರಲಿಲ್ಲ. ಕೆಳಗಿನದನ್ನೂ ಕಳ್ಳರು ಹೊರುತ್ತಿದ್ದಾರೆ ಎಂದು ನಾನು ಪಕ್ಕಾ ಮಾಡಿಕೊಂಡೆ. ಕೊನೆಗೊಂದು ಸಂಜೆ ಆ ಹೊರಸಿನ ಮೇಲೆ ಕೌದಿ ಹಾಸಿತ್ತು. ಕತ್ತಲಲ್ಲೂ ನನಗೆ ಆ ಪಟ್ಟೆ ಗುರುತು ಸಿಕ್ಕಿತು.

ಬೆಳಿಗ್ಗೆ ಎದ್ದವಳೇ ನಡುಮನೆಯ ಕೌದಿಗಳ ಒಟ್ಟಿಲನ್ನು ನೋಡಿದೆ. ಖಾಲಾಳ ಕೌದಿ ಎಲ್ಲದರ ಕೆಳಗೆ ಮಡಚಿದ್ದು ಮಡಚಿದ ಹಾಗೇ ಇತ್ತು. ಬೆರಳು ಹಾಕಿದರೆ ಮಡಿಕೆಯೊಳಗಿಂದ ಬೇವಿನ ಹೂ ಉದುರಿತು. ಬೇವಿನ ಮರ ಇದ್ದದ್ದು ಆಚೆ ಮನೆಯ ಮಾಳಿಗೆಗೆ ತಾಗಿ. ನಾನು ಹೂವನ್ನು ಅಂಗೈಯಲ್ಲಿಟ್ಟುಕೊಂಡು ಅವ್ವನಿಗೆ ತೋರಿಸಿದೆ. ಅವ್ವ, “ಯಾರ ಮುಂದೂ ಬಾಯಿ ಬಿಡಬ್ಯಾಡ” ಎಂದು ಕೈಯನ್ನೇ ತೊಳೆಸಿದಳು.

ಓದುತ್ತಿರುವ ನಿಮಗೆ ಇಷ್ಟರಲ್ಲಿ ಯಾರೆಂದು ತಿಳಿದಿರುತ್ತದೆ. ನಮಗೆ ತಿಳಿಯಲಿಲ್ಲ. ಮೆಟ್ಟಿಲು ಹತ್ತುವಾಗ ಪ್ರತಿ ಮೆಟ್ಟಿಲಿಗೂ ಶಿವನನ್ನು ಕರೆಯುವ ಮುದುಕಿ ಕುಂಬಿ ದಾಟಿಯಾಳೆಂದು ಯಾರು ನೆನೆಸಬೇಕು?

ಒಂದು ಸಂಜೆ ನಾವು ಉಣ್ಣಲು ಕುಳಿತಾಗ ಆಚೆ ಮನೆಯ ಬೀಗ ಒಡೆಯುವ ಸದ್ದು ಕೇಳಿತು. ಅಪ್ಪ ಎದ್ದು ನಮ್ಮ ಬಾಗಿಲಿಗೆ ಅಗಳಿ ಹಾಕಿ ಬೆನ್ನು ಕೊಟ್ಟು ನಿಂತ. ಅವ್ವ, “ಅತ್ತಿ ಮ್ಯಾಲ ಒಬ್ಬಾಕೀನ ಅದಾಳ” ಎಂದು ನನ್ನನ್ನು ಹತ್ತಿರಕ್ಕೆ ಎಳೆದುಕೊಂಡಳು. ಗೋಡೆಯ ಆಚೆ ಮೆಟ್ಟಿಲು ಹತ್ತುವ ಹೆಜ್ಜೆಗಳು. ಒಬ್ಬರಲ್ಲ. ಹೆಜ್ಜೆ ಮೇಲೆ ಹೋದವು, ನಿಂತವು. ಆಗ ಕೆಮ್ಮು ಕೇಳಿತು. ಮೊದಲು ಸಣ್ಣಗೆ. ಆಮೇಲೆ ಗಡುಸಾಗಿ. ಕೊನೆಗೆ ಗಂಟಲು ಕೆರೆದ ಹಾಗೆ.

ನನ್ನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಅದು ಅವನದೇ ಕೆಮ್ಮು. ಮೆಟ್ಟಿಲ ಮೇಲೆ ಧಡಧಡ ಸದ್ದು, ಯಾರೋ ಬಿದ್ದ ಸದ್ದು, ಓಣಿಯಲ್ಲಿ ಓಟ. ಅಪ್ಪ ಬಾಗಿಲ ಸಂದಿಯಿಂದ ನೋಡಿದ. ಗೇಣು ಹಾಕಿ ನೋಡುತ್ತಿದ್ದ ಆ ಮೂವರೇ. ಒಬ್ಬನ ಕಾಲಲ್ಲಿ ಮೆಟ್ಟು ಇರಲಿಲ್ಲ. ಕಳ್ಳನ ಜೀವ ಹುಳ್ಳುಳ್ಳಗೆ.

ನಾವು ಮಾಳಿಗೆಗೆ ಓಡಿದರೆ ಅಜ್ಜಿ ನಮ್ಮ ಹಾಸಿಗೆಯ ಮೇಲೆ ಬೀಸಣಿಗೆ ಬೀಸುತ್ತ ಕುಳಿತಿದ್ದಳು. ಏದುಸಿರು ಮಾತ್ರ ಜೋರಾಗಿತ್ತು.

“ಏನಾತ್ರಿ ಅತ್ತಿ?”

“ಏನಿಲ್ಲ. ಬೆಕ್ಕು.”

ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗದು. ಆ ಮೂವರು ಕಂಡದ್ದು ದೀಪ, ಮುಸುಕು, ಕೆಮ್ಮು. ಹೇಳಿದ್ದು ಅದರ ಹತ್ತು ಪಟ್ಟು. ಕಲಾಯಿಯವನ ಪಿಶಾಚಿ ಸಂಜೆಯಾದರೆ ಮಾಳಿಗೆಗೆ ಬಂದು ಮಲಗುತ್ತದೆ ಎಂದು ಬಾವಿಕಟ್ಟೆಯಲ್ಲಿ ಮಾತಾಯಿತು. ದೀಪ ಹಚ್ಚುವ ಹೊತ್ತಿಗೆ ಓಣಿಯಲ್ಲಿ ಜನ ನಡೆಯುವುದು ನಿಂತಿತು. ಮನೆಯಲ್ಲಿ ಜನರಿದ್ದಾರೆಂದು ಊರು ನಂಬಲಿ ಎಂದು ಅಜ್ಜಿ ಹೊರಟಿದ್ದಳು. ಊರು ಇನ್ನೊಂದನ್ನು ನಂಬಿತು. ಮನೆ ಉಳಿದರೆ ಸಾಕು, ಯಾವುದಾದರೇನು ಎಂದು ಅವಳು ಸುಮ್ಮನಾಗಿರಬೇಕು. ದಿನಾ ಒಂದಿಷ್ಟು ಹೊತ್ತು ಹೊರಸಿನ ಮೇಲೆ ಮುಸುಕು ಹಾಕಿ ಮಲಗಿ, ಕೆಮ್ಮಿ, ನಾವು ಬರುವುದರೊಳಗೆ ಕುಂಬಿ ದಾಟಿ ಬರುತ್ತಿದ್ದಳು.

ಒಂದು ಮಾತ್ರ ಅವಳಿಗೆ ಹೊಳೆಯಲಿಲ್ಲ. ಊರ ಮಾತು ಊರಲ್ಲೇ ನಿಲ್ಲುವುದಿಲ್ಲ. ಸಂತೆಗೆ ಹೋದವರ ಜೊತೆ ಅದು ಹುಮನಾಬಾದಿಗೂ ಹೋಯಿತು. ಹೋಗುತ್ತ ದಾರಿಯಲ್ಲಿ ಎಲ್ಲೋ ಪಿಶಾಚಿ ಎಂಬ ಮಾತು ಉದುರಿಹೋಯಿತು. ಕಲಾಯಿಯವನು ಸಂಜೆ ಹೊತ್ತು ಮಾಳಿಗೆಯ ಮೇಲೆ ಮಲಗಿರುತ್ತಾನೆ, ಕೆಮ್ಮುತ್ತಾನೆ ಎಂಬಷ್ಟೇ ಖಾಲಾಳ ಕಿವಿ ಮುಟ್ಟಿತು.

ಅವಳು ಬಂದ ದಿನ ನನಗೆ ಹೊಟ್ಟೆನೋವು. ಊಟ ಬೇಡವೆಂದು ಬೇಗನೆ ಮಾಳಿಗೆ ಹತ್ತಿದೆ. ನಮ್ಮ ಹಾಸಿಗೆಯ ಮೇಲೆ ಅಜ್ಜಿ ಇರಲಿಲ್ಲ. ಆಚೆ ಗೂಡಿನಲ್ಲಿ ದೀಪವಿತ್ತು, ಹೊರಸಿನ ಮೇಲೆ ಮುಸುಕು ಹಾಕಿದ ಮೈ ಇತ್ತು. ನಾನು ಕುಂಬಿಯ ಈಚೆ ನಿಂತುಬಿಟ್ಟೆ. ಆ ಮೈ ಕೆಮ್ಮಿತು. ಅದೇ ಹೊತ್ತಿಗೆ ಕೆಳಗೆ, ಬೀಗ ಒಡೆದ ಬಾಗಿಲು ಕಿರುಗುಟ್ಟಿತು. ಯಾರೋ ಮೆಟ್ಟಿಲನ್ನು ಓಡುತ್ತ ಹತ್ತಿ ಬಂದರು.

ಖಾಲಾ. ಬುರ್ಖಾದ ಮುಸುಕು ಹಿಂದಕ್ಕೆ ಹಾರಿತ್ತು, ಕೈಯಲ್ಲಿ ಬುತ್ತಿಯ ಗಂಟು. ಮೆಟ್ಟಿಲ ಬಾಯಲ್ಲಿ ನಿಂತು ಉಸಿರು ಹಿಡಿದು ನೋಡಿದಳು. ಆಮೇಲೆ ಸದ್ದಾದರೆ ಎಲ್ಲಿ ಮಾಯವಾಗುತ್ತದೋ ಎನ್ನುವ ಹಾಗೆ ಮೆಲ್ಲಗೆ ಹೊರಸಿನ ಹತ್ತಿರ ಹೋದಳು.

“ಅಜೀ, ಕಬ್ ಆಯೇ?” ಎಂದಳು.

ಯಾವಾಗ ಬಂದ್ರಿ ಎಂದು ಕೇಳಿದ್ದು. ಎಲ್ಲಿದ್ದಿರಿ ಎಂದಲ್ಲ, ಏನಾಗಿತ್ತು ಎಂದಲ್ಲ. ಸಂಜೆ ತಡವಾಗಿ ಮನೆಗೆ ಬಂದವನನ್ನು ಕೇಳುವ ಹಾಗೆ.

ಕೌದಿ ಕದಲಲಿಲ್ಲ. ಖಾಲಾ ಕಾಲ ಕಡೆ ಕುಳಿತು, ನಡೆದು ದಣಿದಿದ್ದಾನೆ ಎಂದುಕೊಂಡವಳಂತೆ ಕೌದಿಯ ಕೆಳಗೆ ಕೈ ಹಾಕಿ ಕಾಲು ಒತ್ತತೊಡಗಿದಳು. ಒಂದೆರಡು ಸಲ ಒತ್ತಿದಳು. ಆಮೇಲೆ ಕೈ ನಿಂತಿತು. ಆ ಪಾದ ಚಿಕ್ಕದು, ಹಿಮ್ಮಡಿ ಬಿರಿದದ್ದು. ಬಹಳ ಹೊತ್ತು ಅವಳು ಅದನ್ನು ಹಾಗೇ ಹಿಡಿದುಕೊಂಡು ಕುಳಿತಳು.

“ಆಯೀ” ಎಂದಳು ಕೊನೆಗೆ.

ಅಜ್ಜಿ ಮುಸುಕು ತೆಗೆದು ಎದ್ದು ಕುಳಿತಳು. ನಮ್ಮ ಅಜ್ಜಿ ಅತ್ತದ್ದನ್ನು ನಾನು ನೋಡಿದ್ದು ಆಗಲೇ ಮೊದಲು. “ನಿನ್ನ ಮನಿ ಕಾಯಾಕ ಹೋಗಿ ನಿನ್ನ ಎದಿ ಒಡದೆ ನನ್ನವ್ವಾ. ನೀ ಬರ್ತಿ ಅಂತ ನನಗ ತಿಳೀಲಿಲ್ಲ. ಶಿವನಾಣಿ ತಿಳೀಲಿಲ್ಲ.”

ಖಾಲಾ ಅಳಲಿಲ್ಲ. ಕೌದಿಯ ಅಂಚನ್ನು ಬೆರಳಲ್ಲಿ ಸವರುತ್ತ ಹೋಗಿ ತೆರೆದ ಮೂಲೆಯನ್ನು ಹುಡುಕಿದಳು.

“ಹೊಲಿದಿಲ್ಲೇನ್ರಿ?”

“ನೀನ ಬ್ಯಾಡಂದಿದ್ದೆಲ್ಲ.” ಅಜ್ಜಿ ಮೂಗು ಒರೆಸಿಕೊಂಡಳು. “ಈಗ ಹೊಲಿಯೂಣೇನವ್ವಾ?”

ಖಾಲಾ ಬುತ್ತಿಯ ಗಂಟು ಬಿಚ್ಚಿದಳು. ಗಂಡನಿಗೆಂದು ಹುಮನಾಬಾದಿನಿಂದ ಕಟ್ಟಿಕೊಂಡು ಬಂದ ಜೋಳದ ರೊಟ್ಟಿ. ಅದರಿಂದ ಒಂದು ಚೂರು ಮುರಿದು ಆ ಮೂಲೆಯೊಳಗೆ ಇಟ್ಟಳು.

“ಬ್ಯಾಡ್ರಿ. ತೆರದ ಇರ್ಲಿ. ಹೊಟ್ಟಿ ಮಾತ್ರ ಖಾಲಿ ಇರಬಾರದು.” ಆಮೇಲೆ ಕುಂಬಿಯ ಈಚೆ ನಿಂತಿದ್ದ ನನ್ನನ್ನು ನೋಡಿದಳು. “ನೀನೂ ಕೇಳು, ಮಗಳ. ಇಲ್ಲಿ ಮಲಗಿದ್ದು ಆಯಿ ಅಂತ ಯಾರಿಗೂ ಹೇಳಬ್ಯಾಡ್ರಿ. ಅವ್ರು ಬಂದಾರ ಅಂತ ಊರು ಮಾತಾಡಾಕತ್ತೈತಿ. ಮಾತಾಡ್ಲಿ ಬಿಡ್ರಿ. ನಾಳಿಂದ ನಾನ ಹಾಸಿಗಿ ಹಾಸ್ತೀನಿ.”

ಅವಳು ಹುಮನಾಬಾದಿಗೆ ತಿರುಗಿ ಹೋಗಲಿಲ್ಲ. ಉಸಾಬರಿ ಬೇಡವೆಂದಿದ್ದ ಅಪ್ಪ ಮರುದಿನ ಯಾರನ್ನೂ ಕೇಳದೆ ಬಡಿಗನನ್ನು ಕರೆತಂದು ಆ ಬಾಗಿಲಿಗೆ ಹೊಸ ಅಗಳಿ ಹಾಕಿಸಿದ. ಆ ಮನೆಯ ಕಡೆ ಮತ್ತೆ ಯಾರೂ ಕಣ್ಣೆತ್ತಿ ನೋಡಲಿಲ್ಲ. ಪಿಶಾಚಿಯ ಜೊತೆ ಸಂಸಾರ ಮಾಡುವವಳು ಎಂದು ಹೆಂಗಸರು ಅವಳಿಗೆ ದೂರದಿಂದಲೇ ದಾರಿ ಬಿಡುತ್ತಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು. ಅವಳು ಇಲ್ಲವೆನ್ನಲಿಲ್ಲ.

ಐವತ್ತರ ಬೇಸಿಗೆಯಲ್ಲಿ ಕುಂಬಿಯ ಎರಡೂ ಕಡೆ ಮತ್ತೆ ಸೂಜಿ, ದಾರ, ಅರಿವೆಯ ಚೂರು ಹರಡಿದವು. ಖಾಲಾ ಈಗ ಊರವರಿಗೆ ಕೌದಿ ಹೊಲಿದುಕೊಟ್ಟು ಹೊಟ್ಟೆ ಹೊರೆಯುತ್ತಿದ್ದಳು. ಹೆದರುವವರೂ ಕೌದಿಯನ್ನು ಅವಳ ಕೈಯಿಂದಲೇ ಹೊಲಿಸುತ್ತಿದ್ದರು, ಅಷ್ಟು ಸಣ್ಣ ಹೊಲಿಗೆ. ಹೊತ್ತು ಮುಳುಗಿದರೆ ಕೆಲಸ ಕಟ್ಟಿಟ್ಟು ಗೂಡಿನಲ್ಲಿ ದೀಪ ಇಡುತ್ತಿದ್ದಳು. ಹೊರಸಿನ ಮೇಲೆ ಪಟ್ಟೆ ಕೌದಿ ಹಾಸಿ, ಅದರ ತೆರೆದ ಮೂಲೆಯಲ್ಲಿ ಆ ದಿನದ ರೊಟ್ಟಿಯ ಚೂರು ಇಡುತ್ತಿದ್ದಳು. ಬೆಳಿಗ್ಗೆ ನೋಡಿದರೆ ಚೂರು ಇರುತ್ತಿರಲಿಲ್ಲ. ನಾನು ಒಂದು ದಿನ ನಸುಕಿನಲ್ಲೇ ಎದ್ದು ಕಾದೆ. ಎರಡು ಗುಬ್ಬಿ ಬಂದು ಮೂಲೆಯೊಳಗೆ ಕೊಕ್ಕು ಹಾಕಿದವು. ನನಗೆ ಸಮಾಧಾನವೂ ಆಯಿತು, ಯಾಕೋ ಅಳುವೂ ಬಂತು.

ಅಂದು ಸಂಜೆ ಚುಕ್ಕಿ ಮೂಡಿದ ಮೇಲೆ ಕುಂಬಿಗೆ ಒರಗಿ ಅವಳನ್ನು ಕೇಳಿಯೇಬಿಟ್ಟೆ.

“ಖಾಲಾ, ರೊಟ್ಟಿ ಗುಬ್ಬಿ ತಿಂತಾವ. ನಿನಗ ಗೊತ್ತೈತೇನು?”

“ಗೊತ್ತೈತಿ ಮಗಳ” ಎಂದಳು. “ಯಾರರ ತಿನ್ಲಿ.”

ಬಡಗಣದಲ್ಲಿ ಮುದುಕಿಯ ಹೊರಸು ನೆತ್ತಿಗೆ ಬಂದಿತ್ತು. ಖಾಲಾ ಕೌದಿ ಎಳೆದುಕೊಂಡು ಒಂದು ಅಂಚಿಗೆ ಹೊರಳಿ ಮಲಗಿದಳು, ಹೊರಸಿನ ಅರ್ಧ ಭಾಗ ಖಾಲಿ ಬಿಟ್ಟು.